ಅಭ್ಯಾಸದ ಗೋಡೆ

ಕೊಕ್ಕೊಲಾದ ಈ ಶಾಲೆಯ ಹಿಂಬದಿಯ ಕೋಣೆಯಲ್ಲಿ
ಒಂದು ಗೋಡೆಗೆ ಮಾತ್ರ ಬಿಡುವಿಲ್ಲ.
ವರ್ಷಕ್ಕೆ ಎರಡು ತಂಡ, ತಂಡಕ್ಕೆ ಮೂರು ಲೇಪ,
ಮೂವತ್ತೆಂಟು ವರ್ಷ.
ದೀಪದ ಸ್ವಿಚ್ಚು ಈಗ ಗುಳಿಬಿದ್ದ ಕಣ್ಣು,
ಒತ್ತಲು ಬೆರಳು ಒಳಗಿಳಿಯಬೇಕು.
ಕೋಣೆ ಕಿರಿದಾಗುತ್ತಿದೆ ಅಂದರೆ
ಕಚೇರಿಯವರು ನಗುತ್ತಾರೆ.
ಅಳತೆಪಟ್ಟಿ ನಗುವುದಿಲ್ಲ.

ಹೊಸಬರು ಬಂದಿದ್ದಾರೆ, ಅಕ್ಟೋಬರಿನ ಬಿಸಿಲಿನ ಹಾಗೆ
ತಡವಾಗಿ, ಓರೆಯಾಗಿ.
ಒಸ್ಸಿಯದು ಐಸ್ ಹಾಕಿ ಆಡಿದ ಕೈ:
ಹೊಡೆಯುತ್ತದೆ, ಸವರಲು ಬಾರದು.
ಹೋದನ್ ಇದೇ ಊರಲ್ಲಿ ಹುಟ್ಟಿದವಳು,
ಮನೆಯಲ್ಲಿ ಸೊಮಾಲಿ, ಬೀದಿಯಲ್ಲಿ ಫಿನ್ನಿಶ್,
ಇಲ್ಲಿ ಎರಡೂ ಇಲ್ಲ;
ನನ್ನ ಬಾಯಿ ಬಿಟ್ಟು ಮಣಿಕಟ್ಟನ್ನೇ ನೋಡುತ್ತಾಳೆ.

ಕುಂಚವನ್ನು ಕತ್ತಿನವರೆಗೆ ಮುಳುಗಿಸಬೇಡಿ, ಅನ್ನುತ್ತೇನೆ.
ಬಾಯಾರಿದವರು ತುಟಿ ಒದ್ದೆ ಮಾಡಿಕೊಳ್ಳುವಷ್ಟು ಸಾಕು.
ಮರದ ಗಂಟಿಗೆ ಮೊದಲು ಅರಗು ಹಚ್ಚಿ.
ಗಂಟಿಗೆ ಮರೆವಿಲ್ಲ;
ಐದು ವರ್ಷ ಬಾಯಿ ಮುಚ್ಚಿಕೊಂಡಿದ್ದು
ಬಿಳಿ ಬಾಗಿಲ ಮೇಲೆ ಒಂದು ದಿನ
ಕಂದು ಕಲೆಯಾಗಿ ಎಲ್ಲ ಹೇಳಿಬಿಡುತ್ತದೆ.
ಸೂರಿನಂಚಿಗೆ ಗೆರೆ ಎಳೆಯುವಾಗ ಉಸಿರು ಕಟ್ಟಬೇಡಿ.
ಕಟ್ಟಿದ ಉಸಿರು ಕೈಗಿಳಿದು ನಡುಗುತ್ತದೆ.
ಬಿಡುತ್ತ ಬಿಡುತ್ತ ಎಳೆಯಿರಿ.

ಮತ್ತೆ, ಅಗಸೆ ಎಣ್ಣೆ ಒರೆಸಿದ ಚಿಂದಿ
ಮುದುರಿ ಮೂಲೆಗೆಸೆಯಬೇಡಿ, ನೀರಲ್ಲಿ ಮುಳುಗಿಸಿಡಿ.
ನೆಲದ ಮೇಲೆ ಈ ಕಪ್ಪು ವೃತ್ತ ನೋಡಿ:
ಎಂಬತ್ತಾರರ ಚಳಿಗಾಲ. ಕಡ್ಡಿ ಗೀರಿದವರಿಲ್ಲ.
ಚಿಂದಿ ಒಳಗೊಳಗೇ ಯೋಚಿಸುತ್ತ ಯೋಚಿಸುತ್ತ
ಬೆಳಗಿನ ಮೂರಕ್ಕೆ ಹೊತ್ತಿಕೊಂಡಿತ್ತು.

ಅದನ್ನು ಎಸೆದವಳು ನಾನು ಎಂದು
ಪ್ರತಿ ತಂಡಕ್ಕೂ ಹೇಳಬೇಕೆಂದುಕೊಳ್ಳುತ್ತೇನೆ.
ಆಮೇಲೆ ಊಟದ ಗಂಟೆ ಹೊಡೆಯುತ್ತದೆ.

ನಿನ್ನೆ ಒಸ್ಸಿಯ ಏಣಿ ಜಾರಿ
ಗೋಡೆಯ ಮೂಲೆ ಚಕ್ಕಳವೆದ್ದು ಬಿತ್ತು,
ಅರ್ಧ ಹೆಬ್ಬೆರಳ ದಪ್ಪ, ಗಾರೆಯವರೆಗೂ.
ಬೈಗುಳ ನನ್ನ ನಾಲಿಗೆಯ ತುದಿಗೆ ಬಂದಿತ್ತು;
ಅಷ್ಟರಲ್ಲಿ ಹೋದನ್ ಆ ಚೂರನ್ನೆತ್ತಿ
ಕಿಟಕಿಗೆ ಹಿಡಿದಳು.
ಪದರ ಪದರ. ಬೂದಿ, ಕೆನೆ, ಆಸ್ಪತ್ರೆಯ ಹಸಿರು.
ಈ ಸಾಸಿವೆ ಹಳದಿ ರೈನೋನದು,
ಎರಡನೇ ವಾರಕ್ಕೇ ಮೀನಿನ ದೋಣಿ ಹತ್ತಿದ.
ಈ ದಪ್ಪ ಪಟ್ಟಿ ಕೆರ್ತ್ತುವಿನ ತಂಡದ್ದು,
ಅವಳು ಬಳಿದದ್ದೆಲ್ಲ ಕಣ್ಣೀರಿಳಿಯುತ್ತಿತ್ತು,
ಈಗ ಅವಳ ಕೈಕೆಳಗೆ ಹನ್ನೊಂದು ಜನ.
ಇಲ್ಲೊಂದು ಕುಂಚದ ಕೂದಲು,
ಯಾರದೋ ಅವಸರ, ಅಲ್ಲೇ ಉಳಿದಿದೆ.

‘ಎಲ್ಲಕ್ಕಿಂತ ಕೆಳಗಿನದು ಯಾರದು?’
ಬೂದು, ತೆಳು, ಒಂದು ಕಡೆ ಗೋಡೆಗೇ ಹಿಡಿಯದ ಬೂದು.
ಧೂಳು ಒರೆಸದೆ ಬಳಿದರೆ ಹಾಗಾಗುತ್ತದೆ.
ನನ್ನದು, ಅಂದೆ.
ಒಸ್ಸಿ ಮೊದಲ ಸಲ ನನ್ನನ್ನು ನೋಡಿ ನಕ್ಕ.

ಮುಚ್ಚಲೇ? ಕೇಳಿದಳು ಹೋದನ್.
ಮುಚ್ಚು.
ಅಂಚು ಉಜ್ಜಿದಳು, ಪುಟ್ಟಿ ತುಂಬಿದಳು,
ಒಣಗುವವರೆಗೆ ಕಾದಳು, ಮತ್ತೆ ತುಂಬಿದಳು;
ಒಸ್ಸಿ ಹೇಳದೆಯೇ ಏಣಿಯ ಕಾಲು ಹಿಡಿದು ನಿಂತ.

ಇವತ್ತು ಎಲ್ಲರಿಗಿಂತ ಮೊದಲು ಬಂದು
ಟಾರ್ಚನ್ನು ಗೋಡೆಗೆ ಅಡ್ಡ ಹಿಡಿದು ಹುಡುಕಿದೆ.
ಓರೆ ಬೆಳಕಿನ ಮುಂದೆ ಸುಳ್ಳು ನಿಲ್ಲುವುದಿಲ್ಲ,
ಒಂದು ಗೀರಾದರೂ ನೆರಳು ಚೆಲ್ಲಿಯೇ ತೀರುತ್ತದೆ.
ಅಂಗೈಯಿಂದ ಸವರಿದೆ. ಕಣ್ಣು ಮುಚ್ಚಿ ಸವರಿದೆ.
ಸಿಗಲಿಲ್ಲ.
ಸಿಗದಿರುವುದಕ್ಕೆ ಅಂಕ ಹಾಕುವ ಕಾಲಮ್ಮು
ಈ ಹಾಳೆಯಲ್ಲಿಲ್ಲ.

ಮೆಟ್ಟಿಲ ಮೇಲೆ ಬೂಟಿನ ಹಿಮ ಕೊಡವುವ ಸದ್ದು.
ಬನ್ನಿ. ಒಸ್ಸಿ, ಬಾಗಿಲು ಹಾಕಪ್ಪ, ಚಳಿ.
ಹೋದನ್, ಬಕೆಟ್ಟಿಗೆ ನೀರು ತುಂಬು.
ಕುಂಚ ಆಮೇಲೆ.
ನೆಲದ ಮೇಲಿನ ಆ ಕಪ್ಪು ವೃತ್ತದ ಬಗ್ಗೆ
ನಾನೊಂದು ಮಾತು ಹೇಳುವುದಿದೆ.